ಬ್ರೇಕಿಗೆ ಜಾಮೀನು

ಸ್ಕೂಟರಿನ ಮೇಲೆ ಮಗುವನ್ನು ಕರೆದುಕೊಂಡು ಹೋಗುವುದು ಅಪಾಯವೇ ಎಂದು ಚಳ್ಳಕೆರೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಓಡಿಸುವವರು ಯಾರು ಎಂದು ಮೊದಲು ತಿರುಗಿ ಕೇಳುತ್ತಾರೆ. ಗಂಡಸಾದರೆ ಅಪಾಯವೇನೂ ಇಲ್ಲ. ಅವನು ಒಂದು ಕೈಯಲ್ಲಿ ಫೋನು ಹಿಡಿದು, ಶೇಂಗಾ ಹಿಂಡಿಯ ಚೀಲದ ಮೇಲೆ ಒಂದು ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಹೆಂಡತಿಯ ತೊಡೆಯ ಮೇಲೆ ಇನ್ನೊಂದನ್ನು ಕೂರಿಸಿಕೊಂಡು ಹೊರಟರೂ ಜನ ಅದನ್ನು ಸಂಸಾರ ಎನ್ನುತ್ತಾರೆ. ನಾನು ಹೆಲ್ಮೆಟ್ ಹಾಕಿಕೊಂಡು, ಮಗಳಿಗೂ ಹಾಕಿ, ಹೊಲಿಗೆ ಮಿಷನ್ನಿನಲ್ಲಿ ನಾನೇ ಹೊಲಿದ ಪಟ್ಟಿಯಿಂದ ಅವಳನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು ಹೊರಟರೆ ಮಾತ್ರ ಬೀದಿಯವರಿಗೆಲ್ಲ ಒಮ್ಮೆಗೇ ಮಗುವಿನ ಮೇಲೆ ಕರುಣೆ ಉಕ್ಕುತ್ತದೆ.

ಎದುರು ಮನೆಯವರು ಪಟ್ಟಿ ನೋಡಿ, ಕೋತಿ ಆಡಿಸುವವರು ಹೀಗೇ ಕಟ್ಟುತ್ತಾರೆ ಎಂದು ನಕ್ಕರು. ನಮ್ಮತ್ತೆಗೆ ಹೆಲ್ಮೆಟ್ಟಿನ ಮೇಲೆ ಅನುಮಾನ. ಬೆಳೆಯುವ ತಲೆಗೆ ಡಬ್ಬಿ ಮುಚ್ಚಿಟ್ಟರೆ ತಲೆ ಅಷ್ಟಕ್ಕೇ ನಿಂತುಬಿಡುತ್ತದೆ ಎಂದು ಅವರ ವಾದ. ನನ್ನ ಗಂಡ ಮಂಡಿ ವ್ಯಾಪಾರದ ಮನುಷ್ಯ, ಎರಡೂ ಕಡೆಗೆ ಒಳ್ಳೆಯವರಾಗಿರುವುದನ್ನು ಅಲ್ಲೇ ಕಲಿತವರು. ಅಮ್ಮನ ಮಾತಿಗೂ ತಲೆಯಾಡಿಸಿದರು, ನನ್ನ ಮಾತಿಗೂ ತಲೆಯಾಡಿಸಿದರು.

ಇಷ್ಟೆಲ್ಲ ನಡೆದದ್ದು ಒಬ್ಬ ಮೆಕ್ಯಾನಿಕ್‌ನ ಮನೆಯಲ್ಲಿ. ನಮ್ಮ ಮಾವನಿಗೆ ಸ್ಕೂಟರ್ ರಿಪೇರಿ ಅಂಗಡಿ, ಮುಂದೆ ಅಂಗಡಿ, ಹಿಂದೆ ಮನೆ. ಊರಲ್ಲಿ ಅವರ ಕೈಗೆ ಒಳ್ಳೆಯ ಹೆಸರು. ಆ ಹೆಸರು ಹೇಗೆ ಬೆಳೆಯಿತು ಎನ್ನುವುದೇ ನನ್ನ ಸಿಟ್ಟಿಗೆ ಕಾರಣ.

ಬ್ರೇಕ್ ಕೆಲಸ ಮುಗಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವುದಕ್ಕೆ ಟ್ರಯಲ್ ಎನ್ನುತ್ತಾರೆ. ನಮ್ಮ ಮಾವ ಟ್ರಯಲ್‌ಗೆ ಹೊರಡುವಾಗ ನನ್ನ ಮಗಳನ್ನು ಕರೆಯುತ್ತಿದ್ದರು. ಅವಳು ಓಡಿಹೋಗಿ ಮುಂದೆ ನಿಂತು ಎರಡು ಕನ್ನಡಿಗಳ ಕಂಬಿ ಹಿಡಿದುಕೊಳ್ಳುವಳು. ಎಣ್ಣೆ ಮಿಲ್ಲಿನ ಗೇಟಿನವರೆಗೆ ಜೋರಾಗಿ ಹೋಗುವುದು, ಅಲ್ಲಿ ತಿರುಗಿಸಿ ಇನ್ನೂ ಜೋರಾಗಿ ಬರುವುದು, ಅಂಗಡಿಯ ಮುಂದೆ ಒಮ್ಮೆಗೇ ಬ್ರೇಕ್ ಒತ್ತುವುದು. ಟೈರು ಕಿರ್ ಅನ್ನುತ್ತಿತ್ತು, ಮಗಳು ನಗುತ್ತಿದ್ದಳು, ಗಾಡಿ ತಂದ ಗಿರಾಕಿ ಮೆಚ್ಚಿ ತಲೆಯಾಡಿಸುತ್ತಿದ್ದ. ತನ್ನ ಮೊಮ್ಮಗಳನ್ನೇ ನಿಲ್ಲಿಸಿಕೊಂಡು ಟ್ರಯಲ್ ನೋಡುವ ಮೆಕ್ಯಾನಿಕ್ ಇನ್ನೆಲ್ಲಿ ಸಿಗುತ್ತಾನೆ? ಹೀಗೆ ನನ್ನ ಮಗಳು, ಇನ್ನೂ ಒಂದನೇ ಕ್ಲಾಸಿಗೂ ಸೇರದವಳು, ಊರಿನ ಬ್ರೇಕುಗಳಿಗೆಲ್ಲ ಜಾಮೀನಾಗಿ ನಿಂತಿದ್ದಳು.

ಮಾವನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಜೀವವನ್ನೇ ಇಟ್ಟಿದ್ದರು. ಆ ಜೀವವನ್ನು ತಂದು ಬೇರೆಯವರ ಹಳೇ ಸ್ಕೂಟರಿನ ಮುಂದೆ ನಿಲ್ಲಿಸುತ್ತಿದ್ದರು, ಅಷ್ಟೇ. ಬೇಡ ಎನ್ನಲು ನನಗೆ ದಾರಿ ಇರಲಿಲ್ಲ. ಬೇಡ ಎಂದರೆ, ಸಾಬರ ಬ್ರೇಕಿನ ಮೇಲೆ ಸಾಬರ ಸೊಸೆಗೇ ನಂಬಿಕೆ ಇಲ್ಲ ಎಂದು ಸಂಜೆಯೊಳಗೆ ಬಸ್‌ ಸ್ಟ್ಯಾಂಡಿನವರೆಗೆ ಸುದ್ದಿ ಮುಟ್ಟುತ್ತಿತ್ತು. ಗಂಡನಿಗೆ ಹೇಳಿದೆ. "ಅಬ್ಬಾಗೆ ಗೊತ್ತಿರಲ್ವಾ?" ಅಂದರು. ನಮ್ಮ ಮನೆ ಮಾತು ಉರ್ದು. ಆದರೆ ಈ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಬಾಯಿ ಮುಚ್ಚಿಸುತ್ತದೆ.

ಒಂದು ದಿನ ಗಾಡಿ ಅಂಗಡಿಯ ಮುಂದೆ ನಿಲ್ಲಲಿಲ್ಲ. ಮುಂದೆ ಹೋಗಿ ಚಹಾದಂಗಡಿಯ ಬೆಂಚಿಗೆ ತಾಗಿ ನಿಂತಿತು. ಮಗಳ ಗದ್ದ ಹ್ಯಾಂಡಲ್ಲಿಗೆ ಬಡಿದು ತುಟಿ ಒಡೆದು ರಕ್ತ ಬಂತು. ನಾನು ಎತ್ತಿಕೊಂಡಾಗ ಅವಳ ಹಲ್ಲಿನ ಮೇಲೂ ರಕ್ತ ಇತ್ತು. "ಬ್ರೇಕ್ ಶೂ ಹೊಸದು, ಇನ್ನೂ ಸರಿಯಾಗಿ ಕೂತಿಲ್ಲ" ಅಂದರು ಮಾವ. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಮಾನವಾಯಿತು. ಕಣ್ಣು ಯಾರದು ಎಂದು ಬಹಳ ಹೊತ್ತು ಚರ್ಚೆ ನಡೆಯಿತು, ಬ್ರೇಕಿನ ಮೇಲೆ ಮಾತ್ರ ಯಾರೂ ಕಣ್ಣು ಹಾಕಲಿಲ್ಲ. ಮಗಳ ತೋಳಿಗೆ ಒಂದು ತಾಯಿತ ಬಂತು. ತುಟಿ ಮಾಯುವ ಮೊದಲೇ ಅವಳು ಮತ್ತೆ ಟ್ರಯಲ್‌ಗೆ ಹೋಗಿಬಂದಳು.

ಅಂದು ನಿಶ್ಚಯ ಮಾಡಿದೆ, ಇನ್ನೊಂದು ಸಲ ಕಳಿಸುವುದಿಲ್ಲ.

ಮುಂದಿನ ಸಲ ಬ್ರೇಕ್ ಮಾಡಿಸಲು ಬಂದವನು ದೊಡ್ಡಉಳ್ಳಾರ್ತಿ ಹಳ್ಳಿಯವನು, ಕುರಿ ಇರುವ ಮನೆಯವನು. ಜೊತೆಯಲ್ಲಿ ಅವನ ಮಗ, ನನ್ನ ಮಗಳ ವಯಸ್ಸಿನವನೇ. ಮಾವ ಬ್ರೇಕ್ ಮುಗಿಸಿ ಕೈ ಒರೆಸಿಕೊಂಡರು.

"ಪಾಪು ಎಲ್ಲೈತೆ ಸಾಬ್ರೆ? ಒಂದ್ ರೌಂಡ್ ಹಾಕ್ಬಿಡ್ರಿ, ಆಮ್ಯಾಲೆ ನಾನು ಕಣ್ಮುಚ್ಕೊಂಡು ಹೋಗ್ತೀನಿ" ಅಂದ.

ನಾನು ಮಗಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದೆ. "ಇವಳು ಬರಲ್ಲಣ್ಣ. ನಿಮ್ಮ ಹುಡುಗ ಇದಾನಲ್ಲ, ಅವನನ್ನೇ ನಿಲ್ಲಿಸ್ಕೊಂಡು ಹೋಗಿಬರ್ತಾರೆ."

ಅವನು ತಕ್ಷಣ ಮಗನ ಹೆಗಲು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. "ಬ್ಯಾಡ ಬಿಡಕ್ಕ. ಮನ್ಯಾಗೆ ಇವನೊಬ್ನೇ ಗಂಡ್ಮಗ." ಆಮೇಲೆ ಮಾವನ ಕಡೆ ತಿರುಗಿ, "ಮೊದ್ಲು ನೀವೊಬ್ರೇ ಹೋಗ್ಬರ್ರಿ ಸಾಬ್ರೆ" ಅಂದ.

ನಮ್ಮ ಮನೆಯಲ್ಲೂ ಇವಳೊಬ್ಬಳೇ ಎಂದು ಹೇಳಲು ಬಾಯಿಗೆ ಬಂದಿತ್ತು. ಮಾವನ ಮುಖ ನೋಡಿದರೆ ಹೇಳುವ ಅಗತ್ಯ ಕಾಣಲಿಲ್ಲ. ಅವರು ಒಬ್ಬರೇ ಹೊರಟರು. ಮಗು ಇದ್ದಾಗ ಗಾಳಿ ಸೀಳಿಕೊಂಡು ಹೋಗುತ್ತಿದ್ದ ಮನುಷ್ಯ ಅಂದು ಎರಡೂ ಕಾಲು ಕೆಳಗೆ ಬಿಟ್ಟು, ಬ್ರೇಕಿನ ಮೇಲೆ ಬೆರಳಿಟ್ಟು, ಹೆಣ್ಣುಮಕ್ಕಳು ಗಾಡಿ ಕಲಿಯುವಾಗ ಹೀಗೆ ಹೋಗುತ್ತಾರೆ ಎಂದು ತಾವೇ ಆಡಿಕೊಳ್ಳುತ್ತಿದ್ದ ಹಾಗೆ ಮೆಲ್ಲಗೆ ಹೋಗಿ ಮೆಲ್ಲಗೆ ಬಂದರು. ತನ್ನ ಒಬ್ಬನದೇ ಮೂಳೆ ಆದಾಗ ಎಷ್ಟು ಜೋಪಾನ ಎಂದು ನನಗೆ ನಗು ಬಂತು, ಆಮೇಲೆ ಅಳುವೂ ಬಂತು. ಕುರಿಯವನು ಮಗನನ್ನು ಹಿಂದೆ ಕೂರಿಸಿಕೊಂಡು ಹೋದ.

ಅಲ್ಲಿಂದ ಮಾವ ನನ್ನ ಜೊತೆ ಮಾತು ಬಿಟ್ಟರು. ಚಹಾ ಬೇಕಾದರೂ ಮಗಳ ಬಾಯಲ್ಲಿ ಹೇಳಿಸುವರು. ಅಂಗಡಿಯ ಮಾನ ತೆಗೆದೆ ಎಂದು ಗಂಡ ಮೊದಲ ಬಾರಿ ಒಂದು ಪಕ್ಷ ಹಿಡಿದರು, ಅದು ನನ್ನದಾಗಿರಲಿಲ್ಲ. ಮಗಳು ಟ್ರಯಲ್‌ಗೆ ಹೋಗಬೇಕು ಎಂದು ಅತ್ತಳು. ಗಿರಾಕಿಗಳು ಪಾಪು ಎಲ್ಲಿ ಎಂದು ಕೇಳಿದರೆ ಮಾವ ನಿದ್ದೆ ಮಾಡುತ್ತಿದೆ ಎನ್ನುತ್ತಿದ್ದರು. ಹಾಗೆ ನೋಡಿದರೆ ನನ್ನ ಮಗಳು ಆ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ನಿದ್ದೆಯಲ್ಲೇ ಇದ್ದಳು.

ಮಗಳ ಅಂಗನವಾಡಿಗೆ ರಜೆ ಬಂತು. ಮೊಳಕಾಲ್ಮೂರಿನ ತವರಿಗೆ ಸ್ಕೂಟರಿನಲ್ಲೇ ಹೋಗುತ್ತೇನೆ ಎಂದೆ. ಮನೆಯಲ್ಲಿ ದೊಡ್ಡ ಸಭೆಯೇ ಸೇರಿತು. ಲಾರಿ ಇವೆ ಎಂದರು, ನಾಯಿ ಇವೆ ಎಂದರು, ದಾರಿಯಲ್ಲಿ ಬಿ.ಜಿ. ಕೆರೆಯ ಹತ್ತಿರ ಗಾಳಿಗೆ ಗಾಡಿ ವಾಲುತ್ತದೆ ಎಂದರು. ಮಗುವಿನ ಸುರಕ್ಷತೆಯ ಬಗ್ಗೆ ನಮ್ಮ ಮನೆಯವರಿಗೆ ಇಷ್ಟೊಂದು ತಿಳಿದಿದೆ ಎಂದು ಅಂದೇ ನನಗೆ ಗೊತ್ತಾದದ್ದು. ಅಮ್ಮ ಫೋನಿನಲ್ಲಿ, "ಒದ್ದು, ಬಸ್ಸಿಗೆ ಬಾ" ಅಂದಳು. ಒದ್ದು ಅಂದರೆ ಬೇಡ. ಮೊಳಕಾಲ್ಮೂರಿನವರಿಗೆ ಗಾಬರಿಯಾದರೆ ಮನೆ ಮಾತು ಯಾವುದಿದ್ದರೂ ತೆಲುಗೇ ಮೊದಲು ಬರುತ್ತದೆ. ನಾನು ಯಾರ ಮಾತೂ ಕೇಳಲಿಲ್ಲ. ಕೊನೆಗೆ ಮಾವ ಮಾತಿಲ್ಲದೆ ನನ್ನ ಗಾಡಿಯನ್ನು ಅಂಗಡಿಗೆ ತಳ್ಳಿಕೊಂಡು ಹೋಗಿ ಸರ್ವಿಸ್ ಮಾಡಿ, ತಂದು ಬಾಗಿಲಲ್ಲಿ ನಿಲ್ಲಿಸಿದರು.

ಬೆಳಗ್ಗೆ ಹೆಲ್ಮೆಟ್ ಹಾಕಿ, ಮಗಳನ್ನು ಹಿಂದೆ ಕೂರಿಸಿ ಪಟ್ಟಿ ಬಿಗಿಯುತ್ತಿದ್ದೆ. ಮಾವ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಎದುರು ಮನೆಯವರೂ ನೋಡುತ್ತಿದ್ದರು.

"ಅಮ್ಮಿ, ಬ್ರೇಕ್ ಸರಿ ಐತಾ?" ಎಂದು ಮಗಳು ಕೇಳಿದಳು.

"ಐತೆ. ದಾದಾನೇ ಮಾಡಿರೋದು" ಅಂದೆ. ಅಜ್ಜನನ್ನು ಅವಳು ದಾದಾ ಎನ್ನುತ್ತಾಳೆ.

ಅವಳು ಪಟ್ಟಿಯೊಳಗಿಂದ ಜಾರಿ ಕೆಳಗಿಳಿದುಬಿಟ್ಟಳು. "ಹಂಗಾದ್ರೆ ಮೊದ್ಲು ದಾದಾ ಒಬ್ರೇ ಹೋಗ್ಬರ್ಲಿ" ಅಂದಳು. ಕೊಂಕು ಗೊತ್ತಿಲ್ಲದ ವಯಸ್ಸು. ಬ್ರೇಕ್ ನೋಡುವ ಕ್ರಮ ಹೀಗೆ ಎಂದು ಕುರಿಯವನು ಬಂದ ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು, ಅದನ್ನೇ ಹೇಳಿದಳು.

ಯಾರೂ ನಗಲಿಲ್ಲ. ಮಾವ ಬಂದು ನನ್ನ ಕೈಯಿಂದ ಕೀ ತೆಗೆದುಕೊಂಡರು. ಎಣ್ಣೆ ಮಿಲ್ಲಿನ ಗೇಟಿನವರೆಗೆ ಒಬ್ಬರೇ ಹೋದರು, ತಿರುಗಿಸಿಕೊಂಡು ಬಂದರು, ಬಾಗಿಲ ಮುಂದೆ ಬ್ರೇಕ್ ಒತ್ತಿದರು. ಗಾಡಿ ನಿಂತಿತು. ನಿಲ್ಲಬೇಕಾದ ಜಾಗದಲ್ಲೇ ನಿಂತಿತು ಎಂದು ನನಗೆ ಕಂಡಿತು. ನಾನು ಕೀ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ. ಮೊಮ್ಮಗಳ ತುಟಿಯ ಮೇಲಿನ ಕಲೆಯನ್ನು ಸ್ವಲ್ಪ ಹೊತ್ತು ನೋಡಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಪಕ್ಕ ನೆಲದ ಮೇಲೆ ಕೂತರು.

"ಸ್ವಲ್ಪ ತಡಿಯಮ್ಮ," ಎಂದು ಬಹಳ ದಿನಗಳ ಮೇಲೆ ನನಗೇ ನೇರವಾಗಿ ಹೇಳಿದರು. "ಒಳಗೆ ಸ್ಪ್ಯಾನರ್ ಐತೆ, ತಾ."