ಎತ್ತಬೇಡ ಎಂದವಳು ನಾನು

ಗಿರಿಜಾ, ಆವತ್ತು ನಿನ್ನ ಗಂಡ ನಿನ್ನ ಫೋನ್ ಎತ್ತಲಿಲ್ಲ — ಎತ್ತಬೇಡ ಎಂದು ಹೇಳಿದವಳು ನಾನು. ನನಗೆ ಜ್ವರವೂ ಬಂದಿರಲಿಲ್ಲ. ನಾನು ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ನನ್ನ ಮನೆಯಲ್ಲಿಯೂ ಇರಲಿಲ್ಲ. ಕೋಸ್ಟರಿಕಾ ದೇಶದ ರಾಜಧಾನಿ ಸ್ಯಾನ್ ಹೊಸೇಯಲ್ಲಿ, ತಗಡಿನ ಮಾಡಿನ ಒಂದು ಕೋಣೆಯಲ್ಲಿ, ಕಿಟಕಿ ತೆಗೆದುಕೊಂಡು ಸುಖವಾಗಿ ಕೂತಿದ್ದೆ.

ಐದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಎಷ್ಟೋ ಸಲ ಬಾಯಿಯವರೆಗೆ ಬಂದು — ಏನು ಹೇಳಲಿ, ನೀನು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ, ನಾನು ತಿನ್ನುತ್ತಿದ್ದೆ.

ಹೋದದ್ದು ಯಾಕೆ ಎನ್ನುವುದನ್ನೂ ಹೇಳುತ್ತೇನೆ. ನೆಪ ಅಂದುಕೊಳ್ಳಬೇಡ. ನಿನ್ನ ಮಾವನವರು, ಅಂದರೆ ನಮ್ಮ ಅಪ್ಪ, ತೀರಿಕೊಂಡ ಮೇಲೆ ಇಲ್ಲಿ ನಮ್ಮ ಮಂದಿಗೆಲ್ಲ ನಾನು 'ಖಾಲಿ ಇದ್ದಾಕಿ' ಆಗಿಬಿಟ್ಟೆ. ನನ್ನ ಗಂಡ ಹೋಗಿ ಆಗಲೇ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಊರಿನಲ್ಲಿ ನೋಡಿಕೊಳ್ಳಲು ಅಪ್ಪನೂ ಉಳಿಯಲಿಲ್ಲ. ಯಾರದೋ ಅತ್ತೆಯನ್ನು ಏರ್‌ಪೋರ್ಟಿನಿಂದ ಕರೆತರಬೇಕೇ, ಲೆಮಾಂಟ್ ಗುಡಿಯಲ್ಲಿ ಪ್ರಸಾದಕ್ಕೆ ಕೈ ಬೇಕೇ — ಅಕ್ಕನಿಗೆ ಹೇಳಿ. ಸಿಟ್ಟು ಬರುತ್ತಿತ್ತು. ತೋರಿಸುತ್ತಿರಲಿಲ್ಲ. ಆಗ ಆಫೀಸಿನವರು ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದರು. ಮನೆಯನ್ನು ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟು, ಒಂದು ಲ್ಯಾಪ್‌ಟಾಪು, ಒಂದು ಚೀಲ ಹಿಡಿದು ಹೊರಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ 'ಅಯ್ಯ, ಒಬ್ಬಾಕೀನೇನು? ಈ ವಯಸ್ಸಿನಾಗ?' ಎನ್ನುತ್ತಿದ್ದರು.

ಏನು ಊರು ಅದು, ಗಿರಿಜಾ! ನಿಮಗೆ ಇಲ್ಲಿ ಮೈನಸ್ ಹತ್ತು ಡಿಗ್ರಿ ಚಳಿ, ಅಲ್ಲಿ ಬೀದಿಯ ತುಂಬ ಪಪ್ಪಾಯಿ, ಅನಾನಸು. ಸುತ್ತಲೂ ಗುಡ್ಡ. ಬೆಳಿಗ್ಗೆ ಓಣಿಯ ಮೂಲೆಯ ಅಂಗಡಿಯಲ್ಲಿ ಅನ್ನಕ್ಕೆ ಕರಿ ಬೀನ್ಸ್ ಕಾಳು ಕಲಸಿ ಕೊಡುತ್ತಿದ್ದರು, ಮೇಲೊಂದು ಲೋಟ ಕಾಫಿ. ನನ್ನ ಹರಕು ಸ್ಪ್ಯಾನಿಷ್ ಕೇಳಿ ಅಂಗಡಿಯಾಕೆ ನಗುತ್ತಿದ್ದಳು. ಅಲ್ಲಿ ನಾನು ಯಾರ ಅಕ್ಕನೂ ಅಲ್ಲ, ಯಾರ ಆಂಟಿಯೂ ಅಲ್ಲ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರವೂ ಶಿಕಾಗೋದ ಗಡಿಯಾರವೂ ಒಂದೇ — ನನ್ನ ಸುಳ್ಳಿಗೆ ಅದೊಂದು ಅನುಕೂಲವಾಯಿತು. ವಿಡಿಯೋದಲ್ಲಿ ಮಾತಾಡುವಾಗ ಹಿಂದೆ ನನ್ನ ಮನೆಯ ಪಡಸಾಲೆಯ ಫೋಟೋ ಹಾಕಿಕೊಳ್ಳುತ್ತಿದ್ದೆ. ಮೈಮೇಲೆ ಸ್ವೆಟರ್.

ನಿನ್ನ ತಾಯಿಗೆ ವೀಸಾ ಸಿಗಲಿಲ್ಲ. 'ನಾ ಇಲ್ಲೇನು ಗಿರಿಜಾ? ನಿನ್ನ ಬಾಣಂತನ ನಾ ಮಾಡತೀನಿ' ಎಂದು ಮಾತು ಕೊಟ್ಟವಳು ನಾನೇ. ದಿನ ತುಂಬುವ ಮೊದಲು ವಾಪಸು ಬರುವ ಲೆಕ್ಕವಿತ್ತು. ಮೈತ್ರಿ ಮೂರು ವಾರ ಮೊದಲೇ ಹುಟ್ಟಿದಳು, ಅದೂ ಆಪರೇಷನ್ನಿನಿಂದ. ಫೋನಿನಲ್ಲಿ ಅವಳ ಮುಖ ನೋಡಿ ಅತ್ತೆ. ಅತ್ತದ್ದು ನಿಜ. ಆಮೇಲೆ ಟಿಕೆಟ್ಟು ಹುಡುಕಿದೆ — ಮರುದಿನದ ವಿಮಾನವಿತ್ತು, ಸೀಟೂ ಇತ್ತು. ತೆಗೆಯಲಿಲ್ಲ. ಒಮ್ಮೆ ಕ್ಯಾಂಟನ್ನಿಗೆ, ನಿಮ್ಮ ಮನೆಗೆ, ಬಂದೆನೆಂದರೆ ಮತ್ತೆ ಈ ಕಿಟಕಿಗೆ ಬರುವುದಿಲ್ಲ ಎನಿಸಿತು. ಇನ್ನು ನಾಲ್ಕು ದಿನ, ಇನ್ನೆರಡು ದಿನ... ನಿನಗೆ 'ರಸ್ತೆಯೆಲ್ಲ ಸ್ನೋ, ಡ್ರೈವ್ ಮಾಡೋದಕ್ಕ ಧೈರ್ಯ ಆಗವಲ್ದು' ಎಂದೆ.

ಆಮೇಲೆ ಬಂತು ಆ ಮಧ್ಯಾಹ್ನದ ವಿಡಿಯೋ. ತಗಡು ಕಾದು ಕೋಣೆ ಕುದಿಯುತ್ತಿತ್ತು, ನಾನು ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಹಸಿ ಬಾಣಂತಿ ನೀನು, ಮಗುವನ್ನು ಎದೆಗೆ ಹಾಕಿಕೊಂಡವಳು ನನ್ನ ಮುಖ ನೋಡಿ ಗಾಬರಿಯಾದೆ.

"ಅಕ್ಕಾರ, ಮಾರಿ ಎಲ್ಲಾ ಬೆವತೈತಿ. ಜ್ವರ ಬಂದಾವೇನು?"

ಹೌದು ಎಂದೆ. ಅಷ್ಟೇ. ನಿನ್ನ ಕಕ್ಕುಲಾತಿಯೇ ನನಗೊಂದು ಸುಳ್ಳು ತಂದುಕೊಟ್ಟಿತು, ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ.

ನೀನು ಸುಮ್ಮನಿರುತ್ತೀ ಎಂದುಕೊಂಡಿದ್ದೆ. ನೀನೋ — ಹೊಟ್ಟೆಯ ಹೊಲಿಗೆ ಇನ್ನೂ ಹಸಿ ಇರುವಾಗ ಎದ್ದು ಮೆಣಸಿನ ಸಾರು ಕುದಿಸಿದೆ. ಮೆತ್ತಗೆ ಅನ್ನ ಮಾಡಿದೆ. ನಿನ್ನ ತಾಯಿ ಬಾಣಂತಿಗೆಂದು ಯಾರದೋ ಕೈಯಲ್ಲಿ ಕಳಿಸಿದ್ದ ಅಂಟಿನುಂಡಿಯಲ್ಲಿ ಅರ್ಧ ಕಟ್ಟಿದೆ. 'ಪಾಪ, ಒಬ್ಬಾಕೀನೇ ಬಿದ್ದಾಳ, ಹೋಗಿ ಬರ್ರಿ' ಎಂದು ನಿನ್ನ ಗಂಡನನ್ನು, ನನ್ನ ತಮ್ಮ ಮಲ್ಲುವನ್ನು, ನನ್ನ ಮನೆಯವರೆಗಿನ ನಾಲ್ಕೂವರೆ ತಾಸಿನ ದಾರಿಗೆ ಹಚ್ಚಿದೆ. ನನಗೆ ತಿಳಿಸಲೂ ಇಲ್ಲ. ತಿಳಿಸಿದರೆ ಬೇಡ ಅಂತಾಳೆ ಎಂದು.

ಬಾಗಿಲು ತೆಗೆದವಳು ಆ ಬಾಡಿಗೆಯ ಹುಡುಗಿ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಲ್ಲು ಕಾರಿನಲ್ಲಿ ಕೂತು ನನಗೆ ಫೋನ್ ಹಚ್ಚಿದ. "ಅಕ್ಕಾ, ಎಲ್ಲಿದ್ದಿ? ಖರೇ ಹೇಳು." ಹೇಳಿದೆ. ಅವನು ಬೈಯಲಿಲ್ಲ ಗಿರಿಜಾ, ಅವನ ಧ್ವನಿಯೇ ಸಣ್ಣದಾಯಿತು. "ಆಕಿ ನಿನ್ನ ಸಲುವಾಗಿ ನಿಂತು ಅಡಗಿ ಮಾಡ್ಯಾಳ," ಎಂದ. ನಾನು ಅಳುವುದು, ವಾದಿಸುವುದು, ಮತ್ತೆ ಅಳುವುದು. ನಡುವೆ ಅವನು ಎರಡು ಸಲ, ಮೂರು ಸಲ ಅಂದ — "ತಡಿ, ಗಿರಿಜಾ ಫೋನ್ ಮಾಡಾಕತ್ತಾಳ."

"ಎತ್ತಬ್ಯಾಡ," ಎಂದೆ. "ಏನ್ ಹೇಳೂದು ಅಂತ ಮೊದಲ ನಾವಿಬ್ಬರೂ ಮಾತಾಡ್ಕೊಳ್ಳೋಣು."

ಅವನು ಎತ್ತಲಿಲ್ಲ. ಚಿಕ್ಕಂದಿನಿಂದ ನನ್ನ ಮಾತು ಮೀರಿದವನಲ್ಲ. ನಾವು ಸುಳ್ಳಿಗೆ ಅಂಚು ಹೊಲಿಯುತ್ತ ಕೂತ ಆ ಹೊತ್ತಿನಲ್ಲಿಯೇ ನೀನು, ಕಾಮಾಲೆಗೆ ಹಳದಿಯಾಗಿ, ಹಾಲು ಕುಡಿಯುವುದನ್ನೂ ಬಿಟ್ಟು, ಕಣ್ಣೇ ತೆಗೆಯದ ಕೂಸನ್ನು ಕಾರ್ ಸೀಟಿಗೆ ಕಟ್ಟಿಕೊಂಡು, ಹೊಲಿಗೆ ಹಾಕಿದ ಆ ಹೊಟ್ಟೆಯಲ್ಲಿ, ಆ ಸ್ನೋದಲ್ಲಿ, ಒಬ್ಬಳೇ ಆಸ್ಪತ್ರೆಗೆ ಗಾಡಿ ಓಡಿಸುತ್ತಿದ್ದೆ.

ನನಗೆ ಇದು ಗೊತ್ತಾದದ್ದು ಸಂಜೆ. ಆ ರಾತ್ರಿಯೇ ಟಿಕೆಟ್ಟು ತೆಗೆದೆ. ಅದನ್ನು ಒಳ್ಳೆಯತನವೆಂದು ಹೇಳಿಕೊಳ್ಳುವ ಮುಖ ನನಗಿಲ್ಲ.

ಖಾಲಿ ಡಬ್ಬಿ ಒಯ್ಯಬೇಕಲ್ಲ, ನೀನು ಕೊಟ್ಟ ಸಾರು-ಅನ್ನವನ್ನು ಅವನೇ ಕಾರಿನಲ್ಲಿ ಕೂತು ಉಂಡ. ಆಸ್ಪತ್ರೆಗೆ ಬಂದವನು 'ಫೋನ್ ಸೈಲೆಂಟ್ ಇತ್ತು, ಅಕ್ಕ ಉಂಡು ಮಲಗಿದಳು' ಎಂದ. ಡಬ್ಬಿ ನೋಡಿ ನೀನು ನಂಬಿದೆ.

ಮೈತ್ರಿ ನೀಲಿ ಬೆಳಕಿನ ಕೆಳಗೆ ಮಲಗಿ, ಗುಣವಾಗಿ, ಮನೆಗೆ ಬಂದಳು. ಹೆಸರಿಡುವ ದಿನ ತೊಟ್ಟಿಲ ಮುಂದೆ ನನ್ನನ್ನೇ ಕೂರಿಸಿದಿರಿ — ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆಯಲ್ಲವೇ. ನಾನು ಬಗ್ಗಿ ಹೆಸರು ಹೇಳಿದೆ. ಪದ್ಧತಿಯ ಹಾಗೆ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದತೊಡಗಿದರು. ನೀನು ಕೈ ಅಡ್ಡ ಹಿಡಿದೆ. "ಸಾವಕಾಶ ಗುದ್ದ್ರಿ, ಅಕ್ಕಾರು ಈಗ ಜ್ವರದಿಂದ ಎದ್ದಾರ." ಆ ಮಾತಿಗಿಂತ ಗುದ್ದೇ ಹಗುರಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಕಳೆದ ತಿಂಗಳು ನಿಮ್ಮ ಮನೆಯ ಪೂಜೆಗೆ ಎಲ್ಲರೂ ಸೇರಿದ್ದೆವು. ಮಲ್ಲು ಅಂಗಡಿಗೆ ಹೋಗಿದ್ದ, ನಿನ್ನ ಫೋನ್ ಎತ್ತಲಿಲ್ಲ, ಕೊತ್ತಂಬರಿ ಇಲ್ಲದೆ ಬಂದ. ನೀನು ಎಲ್ಲರ ಮುಂದೆ, "ಮಗಳು ಹಳದಿ ಆಗಿ ಬಿದ್ದಾಗ ಎತ್ತಲಿಲ್ಲ ಇವರು, ಈಗ ಕೊತ್ತಂಬರಿ ಸಲುವಾಗಿ ಎತ್ತತಾರೇನು?" ಎಂದೆ. ಮಂದಿ ನಕ್ಕರು. ನಿನಗೆ ನಗು ಬಂದಿರಲಿಲ್ಲ. ಅವನು ತಂದ ಚೀಲ ಬಿಚ್ಚತೊಡಗಿದ. ಆಗ ಮೈತ್ರಿ ನನ್ನ ತೊಡೆಯ ಮೇಲೆ ಕೂತು, ತೀರ ಸಹಜವಾಗಿ, "ಅತ್ತೆ, ಅಪ್ಪಾ ನೆವರ್ ಪಿಕ್ಸ್ ಅಪ್," ಎಂದಳು.

ಅಯ್ಯೋ ಗಿರಿಜಾ! ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಐದು ವರ್ಷದಿಂದ ಉಣ್ಣುತ್ತಿರುವವನು ಅವನು. ಈಗ ಆ ಕೂಸಿನ ಬಾಯಿಗೂ ಅದೇ ತುತ್ತು ಬಿದ್ದಿದೆ.

ಸ್ಯಾನ್ ಹೊಸೇಗೆ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇದನ್ನೂ ಮುಚ್ಚಿಡುವುದಿಲ್ಲ. ಹೇಳಿ ಹೋಗಬಹುದಿತ್ತು. ಕರೆದಾಗ ಬರಬಹುದಿತ್ತು. ನೀನು ಒಂದು ದಿನ ಮುನಿಸಿಕೊಳ್ಳುತ್ತಿದ್ದೆ, ಆಮೇಲೆ ಅಲ್ಲಿಯ ಕಾಫಿ ಹೇಗಿರುತ್ತದೆ ಎಂದು ಕೇಳುತ್ತಿದ್ದೆ. ನಿನ್ನನ್ನು ಅಷ್ಟೂ ಅರಿಯದೆ ಹೋದೆನಲ್ಲ...

ನಾನು ಹೇಳುತ್ತಿರುವುದು ಮಲ್ಲುವಿಗೆ ಗೊತ್ತಿಲ್ಲ. ಈ ಭಾನುವಾರ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಮನೆ ಮುಂದಿನ ಡ್ರೈವ್‌ವೇಯಲ್ಲಿಯೇ ನಿಲ್ಲುತ್ತೇನೆ, ನಿನ್ನ ಮೇಲೆ ಕೋಪವಿಲ್ಲ. ಮೈತ್ರಿಯನ್ನು ಮಾತ್ರ ಒಂದು ಗಳಿಗೆ ಹೊರಗೆ ಕಳಿಸು. ಹೆಸರು ಹೇಳಿದ ಆ ಕಿವಿಗೆ ನಾನು ಇನ್ನೊಂದು ಮಾತು ಹೇಳಬೇಕು, ಅವಳಿಗೆ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿಯೇ — ಆವತ್ತು ನಿಮ್ಮಪ್ಪ ಎತ್ತುತ್ತಿದ್ದ ಮಗಳೇ, ಅತ್ತೆ ಬೇಡ ಎಂದಳು.