ಕಾರು ನಮ್ಮದು, ಒಳಗೆ ಕೂತವರು ಅವರು

ನಮ್ಮ ಮನೆಯ ಕಾರು ಒಂದು ಕಾಲಕ್ಕೆ ಟೀವಿಯಲ್ಲಿ ಬರುತ್ತಿತ್ತು. ಈ ಮಾತು ಹೇಳಿದರೆ ಜನ ಈಗಲೂ ಹುಬ್ಬು ಹಾರಿಸಿ, "ಹೌದೇನ್ರಿ, ಯಾವಾಗ?" ಎನ್ನುತ್ತಾರೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು ಎಂದು ಹೇಳುತ್ತೇನೆ. ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ಹಂಗಾರ ನೀವೂ ಟೀವ್ಯಾಗ ಬಂದಿದ್ರಿ?" ಅಲ್ಲಿಗೆ ನಾನು ಚಹಾದ ನೆಪ ಮಾಡಿ ಒಳಗೆ ಎದ್ದು ಹೋಗುತ್ತೇನೆ.

ನಾವು ಮೂಡಲಗಿಯವರು. ನನ್ನ ಗಂಡನಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ನಮ್ಮ ಮೂವರು ಹೆಣ್ಣುಮಕ್ಕಳು, ನನ್ನ ಮೈದುನ, ಅವನ ಹೆಂಡತಿ, ಅವರ ಒಂದು ಗಂಡು ಒಂದು ಹೆಣ್ಣು. ಎಲ್ಲರದೂ ಒಂದೇ ಒಲೆ. ಮೈದುನನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ನಮ್ಮ ಕಡೆ ಹೇಳುವಂತೆ ಕೆಂಪಗೆ ಇದ್ದಳು. ನಗಲು ಅವಳಿಗೆ ಕಾರಣವೇ ಬೇಕಾಗಿರಲಿಲ್ಲ. ಹಾಲು ಉಕ್ಕಿ ಒಲೆಯ ತುಂಬ ಚೆಲ್ಲಿದರೂ ನಗುತ್ತಿದ್ದಳು, ಆಗ ಒರೆಸುವವಳು ನಾನು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಎಂದಲ್ಲ. ಅವಳನ್ನು ಕಂಡವರೆಲ್ಲರಿಗೂ ಅವಳು ಇಷ್ಟವಾಗುತ್ತಿದ್ದಳಲ್ಲ, ಅದು ಆಗುತ್ತಿರಲಿಲ್ಲ.

ಕಾರು ಕೊಂಡವರು ನನ್ನ ಗಂಡ. ಕೆಂಪು ಬಣ್ಣದ ಹೊಸ ಗಾಡಿ. ಓಣಿಯಲ್ಲಿ ಮೊದಲನೆಯದು. ಅದರಲ್ಲಿ ಕೂರುವುದಕ್ಕೂ ಒಂದು ಪದ್ಧತಿ ತಾನಾಗಿ ಬೆಳೆದಿತ್ತು. ಸ್ಟೇರಿಂಗಿಗೆ ನನ್ನ ಗಂಡ, ಅವರ ಪಕ್ಕದ ಸೀಟಿಗೆ ಅತ್ತೆ. ಉಳಿದವರೆಲ್ಲ ಹಿಂದೆ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ನನ್ನ ಎರಡನೆಯ ಮಗಳು ಊರು ದಾಟುವುದರೊಳಗೆ ವಾಂತಿ ಮಾಡುತ್ತಿದ್ದಳು, ಹಾಗಾಗಿ ಪ್ಲಾಸ್ಟಿಕ್ ಚೀಲ ಹಿಡಿದು ಕಿಟಕಿಯ ಬದಿ ಕೂರುವುದು ನನ್ನ ಪಾಲಿನ ಗೌರವ. ಕಾರು ಬಂದು ವರ್ಷವಾದರೂ ಮುಂದಿನ ಸೀಟು ಮೆತ್ತಗಿದೆಯೋ ಬಿರುಸಾಗಿದೆಯೋ ನನಗೆ ಗೊತ್ತಿರಲಿಲ್ಲ.

ಹೀಗಿರುವಾಗ ಗೋಕಾಕದಿಂದ ಕೇಬಲ್ಲಿನವನು ಬಂದ. ನಮ್ಮ ಭಾಗಕ್ಕೆಲ್ಲ ಟೀವಿಯ ಕೇಬಲ್ ಕೊಟ್ಟವನು ಅವನೇ. ಸಂಜೆ ಒಂದು ತಾಸು ತನ್ನದೇ ಚಾನೆಲ್ ನಡೆಸಿ ಊರಿನ ಸುದ್ದಿ, ಸೀರೆ ಅಂಗಡಿ, ಪಾತ್ರೆ ಅಂಗಡಿ ತೋರಿಸುತ್ತಿದ್ದ. ಈಗ ಹಳೆಯ ಕಾರುಗಳನ್ನು ಕೊಂಡು ಮಾರುವ ಅಂಗಡಿಯವರೊಬ್ಬರು ಅವನಿಗೆ ಒಂದು ಜಾಹೀರಾತು ಹೇಳಿದ್ದರು. ದೊಡ್ಡ ಕಂಪನಿಗಳದು ಟೀವಿಯಲ್ಲಿ ಬರುತ್ತದಲ್ಲ, ಥೇಟ್ ಹಾಗೆಯೇ ಬೇಕಂತೆ.

"ಅಣ್ಣಾರ, ಅವರ ಅಂಗಡ್ಯಾಗಿನ ಗಾಡಿ ಕ್ಯಾಮೆರಾಕ್ಕ ಚಲೋ ಕಾಣವಲ್ವು," ಎಂದ ಕೇಬಲ್ಲಿನವನು. "ನಿಮ್ಮದು ಹೊಸಾದು. ಒಂದ ದಿನಾ ಕೊಟ್ರ ಭಾಳ ಉಪಕಾರ ಆಗತೈತ್ರಿ."

ಹಳೆಯ ಕಾರು ಮಾರಲು ಹೊಸ ಕಾರು ತೋರಿಸುವುದು ಮೋಸವಲ್ಲವೇ ಎಂದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಆಗಲೇ ಸೀರೆಗಳು ಓಡುತ್ತಿದ್ದವು. ಹಸಿರು ಇಳಕಲ್ ಉಡಲೇ, ಟೀವಿಗೆ ನೀಲಿ ಒಪ್ಪುತ್ತದೆಯೇ ಎಂದು. ಅವನು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ನೋಡಿದ. ನನ್ನ ಮೂವರನ್ನು ನೋಡಿದ, ನೆಗೆಣ್ಣಿಯ ಇಬ್ಬರನ್ನು ನೋಡಿದ.

"ಫ್ಯಾಮಿಲಿ ಅಂದ್ರ ನಾಕ ಮಂದಿ ಬೇಕ್ರಿ," ಎಂದ. "ಗಂಡ, ಹೆಂಡತಿ, ಒಂದ ಗಂಡಮಗಾ, ಒಂದ ಹೆಣ್ಣಮಗಳು. ಎಲ್ಲಾದರಾಗೂ ಹಂಗ ಇರತೈತಿ. ನಿಮ್ಮ ತಮ್ಮಾರದು ಕರೆಕ್ಟ್ ಸೆಟ್ ಐತಿ."

ಸೆಟ್ ಎಂದ. ಪಾತ್ರೆ ಅಂಗಡಿಯ ಜಾಹೀರಾತು ಮಾಡಿ ಮಾಡಿ ಬಂದ ಮಾತಿರಬೇಕು. ನನ್ನ ಗಂಡ ನನ್ನತ್ತ ಒಮ್ಮೆ ನೋಡಿ, "ಆತು ತಗೊಳ್ರಿ," ಎಂದುಬಿಟ್ಟರು. ನೆಗೆಣ್ಣಿ ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು.

ಚಿತ್ರೀಕರಣ ಗೋಕಾಕ ಫಾಲ್ಸ್ ಹತ್ತಿರದ ಇಳಿಜಾರು ರಸ್ತೆಯಲ್ಲಿ. ಅಲ್ಲಿಗೆ ಹೋದ ಮೇಲೆ ಒಂದು ತೊಡಕು ಎದ್ದಿತು. ಮೈದುನನಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ನನ್ನ ಗಂಡ ನಡೆಸೋಣವೆಂದರೆ ಪಕ್ಕದಲ್ಲಿ ತಮ್ಮನ ಹೆಂಡತಿಯನ್ನು ಹೆಂಡತಿಯೆಂದು ಕೂರಿಸಿಕೊಂಡು ಊರಿಗೆಲ್ಲ ತೋರಿಸಲಾಗುತ್ತದೆಯೇ? ಈಗಲಾದರೂ ನನ್ನ ಹೆಸರು ಬರುತ್ತದೆ ಎಂದು ಸೆರಗು ಸರಿಮಾಡಿಕೊಂಡೆ. ಕೇಬಲ್ಲಿನವನಿಗೆ ಬೇರೆಯದೇ ಹೊಳೆಯಿತು. ಎಂಜಿನ್ ಹಚ್ಚುವುದೇ ಬೇಡ, ಮೈದುನ ಸ್ಟೇರಿಂಗ್ ಹಿಡಿದು ಕೂತರೆ ಸಾಕು, ಹಿಂದಿನಿಂದ ನೂಕಿದರೆ ಇಳಿಜಾರಿನಲ್ಲಿ ತಾನೇ ಹೋಗುತ್ತದೆ, ನೂಕುವವರು ಚಿತ್ರದಲ್ಲಿ ಬೀಳುವುದಿಲ್ಲ ಎಂದ.

ನೂಕಿದವರು ಯಾರು? ನನ್ನ ಗಂಡ. ತಾವೇ ಕೊಂಡ ಕಾರನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿ, ಬೆವರು ಸುರಿಸುತ್ತ ಹಿಂದಿನಿಂದ ನೂಕಿದರು. ಒಳಗೆ ತಮ್ಮನ ಸಂಸಾರ ಕಿಟಕಿಯಿಂದ ಕೈಬೀಸುತ್ತ ಸಾಗಿತು. ಮುಂದಿನ ಸೀಟಿನಲ್ಲಿ ನೆಗೆಣ್ಣಿ, ನನ್ನದೇ ನೀಲಿ ಸೀರೆ ಕೇಳಿ ಪಡೆದು ಉಟ್ಟುಕೊಂಡಿದ್ದಳು. ನಾನು ಮೂವರು ಮಕ್ಕಳನ್ನು, ಎಲ್ಲರ ಚಪ್ಪಲಿಗಳನ್ನು, ಬುತ್ತಿಯ ಡಬ್ಬಿಯನ್ನು ಕಾಯುತ್ತ ರಸ್ತೆಯ ಬದಿಗೆ ನಿಂತಿದ್ದೆ.

"ವೈನಿ, ಸ್ವಲ್ಪ ಬಾಜೂಕ ಸರೀರಿ," ಎಂದು ಕೂಗಿದ ಕೇಬಲ್ಲಿನವನು. "ನಿಮ್ಮ ನೆರಳ ಬೀಳಾಕತ್ತೈತಿ."

ಸರಿದೆ. ಆ ಕಾರು ಗಕ್ಕನೆ ನಿಂತುಹೋಗಲಿ, ಎಲ್ಲರೂ ಇಳಿದು ನೂಕುವಂತಾಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಯಾವ ದೇವರೂ ಕಿವಿಗೊಡಲಿಲ್ಲ. ಗಾಡಿ ನೀರಿನಂತೆ ಜಾರಿತು. ಹಿಂದಿನ ಸೀಟಿನಲ್ಲಿ ನೆಗೆಣ್ಣಿಯ ಮಗ ಕೇಕೆ ಹಾಕಿ ನಕ್ಕ. ಆ ನಗುವೇ ಮುಂದೆ ಆ ಜಾಹೀರಾತಿನ ಜೀವವಾಯಿತು.

ದಿನವೂ ಸಂಜೆ ಅದು ಬರತೊಡಗಿತು. ಅತ್ತೆ ದೇವರ ದೀಪ ಹಚ್ಚಿ ನೇರ ಟೀವಿಯ ಮುಂದೆ ಬಂದು ಕೂರುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಟೀವಿಯಿಂದ ಅವರ ಮೊಮ್ಮಗನ ನಗು ಕೇಳಿಸಿದಾಗ ರೊಟ್ಟಿಯ ಮೇಲೆ ಬೀಳುತ್ತಿದ್ದ ಪೆಟ್ಟು ಹಿಟ್ಟಿಗೆ ಬೇಕಾದುದಕ್ಕಿಂತ ಜೋರಾಗಿರುತ್ತಿತ್ತು. ಪೇಟೆಯಲ್ಲಿ ಜನ ಕಾರು ಮೈದುನನದೆಂದೇ ತಿಳಿದರು. ನೆಗೆಣ್ಣಿ ಸಂತೆಗೆ ಹೋದರೆ "ಗಾಡ್ಯಾಗಿನ ಅಕ್ಕಾರ ಬಂದ್ರು" ಎಂದು ತರಕಾರಿಯವಳು ಅವಳಿಗೆ ಮೊದಲು ತೂಗುತ್ತಿದ್ದಳು. ಅವಳ ಹಿಂದೆ ಚೀಲ ಹಿಡಿದವಳನ್ನು ಯಾರೂ ಕೇಳುತ್ತಿರಲಿಲ್ಲ.

ಆಗಿನಿಂದ ನಾನು ಟೀವಿಯಲ್ಲಿ ಬರುವ ಕಾರಿನ ಜಾಹೀರಾತುಗಳನ್ನೆಲ್ಲ ಪೊಲೀಸರು ಕಳ್ಳನನ್ನು ನೋಡುವಂತೆ ನೋಡತೊಡಗಿದೆ. ಎಲ್ಲ ಕಂಪನಿಗಳದೂ ಒಂದೇ ಕಥೆ. ಅಪ್ಪ ಗಾಡಿ ನಡೆಸುತ್ತಾನೆ, ಅಮ್ಮ ಪಕ್ಕದಲ್ಲಿ ಕೂತು ಅವನನ್ನು ನೋಡುತ್ತಾಳೆ. ಮಗ ಪ್ರಶ್ನೆ ಕೇಳುತ್ತಾನೆ, ಮಗಳು ಬಲೂನು ಹಿಡಿದುಕೊಂಡಿರುತ್ತಾಳೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಎಮ್ಮೆ ಇಲ್ಲ, ಇನ್ನೊಬ್ಬ ಮನುಷ್ಯನೇ ಇಲ್ಲ. ಯಾರ ತೊಡೆಯ ಮೇಲೂ ಯಾರೂ ಇಲ್ಲ. ಯಾರಿಗೂ ವಾಂತಿ ಬರುವುದಿಲ್ಲ. ಅತ್ತೆ ಬಂದರೆ ಗುಡಿಯ ಮುಂದೆ ಇಳಿದು ಆಶೀರ್ವಾದ ಮಾಡುವಷ್ಟೇ ಕೆಲಸ. ಮತ್ತು ಎಲ್ಲರೂ ನೆಗೆಣ್ಣಿಯಂತೆ ಕೆಂಪಗೆ. ಮೂವರು ಹೆಣ್ಣುಮಕ್ಕಳು ಹಿಂದಿನ ಸೀಟಿನಲ್ಲಿ ಕೂತ ಒಂದೇ ಒಂದು ಕಾರನ್ನು ಹುಡುಕಿದೆ. ಸಿಗಲಿಲ್ಲ. ಸರಕಾರಿ ದವಾಖಾನೆಯ ಗೋಡೆಯ ಮೇಲೆ ಸಂಸಾರ ಚಿಕ್ಕದಿರಲಿ ಎಂದು ಬರೆದ ಚಿತ್ರದಲ್ಲೂ ಇದೇ ನಾಲ್ವರು ನಿಂತಿದ್ದರು. ಸರಕಾರ ಗೋಡೆಯ ಮೇಲೆ ನಿಲ್ಲಿಸಿದವರನ್ನೇ ಕಂಪನಿಯವರು ಇಳಿಸಿ ಕಾರಿನಲ್ಲಿ ಕೂರಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಇದನ್ನು ನಾನು ಹುಕ್ಕೇರಿಯಲ್ಲಿ ನನ್ನ ಅಣ್ಣನ ಮುಂದೆ ಹೇಳಿದೆ. ಹುಕ್ಕೇರಿ ನನ್ನ ತವರು. ಅಣ್ಣ ಅಲ್ಲಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಬಳಗದ ಮದುವೆಯೊಂದಕ್ಕೆ ಎಲ್ಲರೂ ಕಾರಿನಲ್ಲಿ ಹೋಗಿದ್ದೆವು. ನನ್ನ ತವರಿನ ಹೆಂಗಸರೇ ನನ್ನನ್ನು ದಾಟಿ ನೆಗೆಣ್ಣಿಯ ಕೈ ಹಿಡಿದು ಮಾತಾಡಿಸುವುದನ್ನು ಕಂಡು ಎದ್ದು ಅಣ್ಣನ ಹತ್ತಿರ ಹೋಗಿ ಕೂತಿದ್ದೆ.

"ಹುಚ್ಚಿ, ಅವರಿಗೆ ಗಾಡಿ ಮಾರೂದು ಬೇಕಾಗೇತಿ, ಅಷ್ಟ," ಎಂದ ಅಣ್ಣ. "ಅದರಾಗ ಗುಪ್ತ ಮಾತ ಎಲ್ಲಿಂದ ಬಂತು?"

"ಗಾಡಿ ಮಾರಾಕ ಗಂಡಮಗಾ ಯಾಕ ಬೇಕು?" ಎಂದೆ.

"ಮಂದಿ ಏನ ಬಯಸ್ತಾರ ಅದನ್ನ ತೋರಸ್ತಾರ."

"ನನ್ನಂಥಾಕಿನ್ನ ಯಾರೂ ಬಯಸೂದಿಲ್ಲ ಅಂದಂಗಾತು."

ಅಣ್ಣ ನಕ್ಕು ತಲೆಯ ಮೇಲೆ ಮೊಟಕಿದ. ಅವನಿಗೆ ಇಬ್ಬರು ಗಂಡುಮಕ್ಕಳು, ನಗುವುದಕ್ಕೆ ಅಡ್ಡಿಯಿರಲಿಲ್ಲ.

ಆದರೆ ಆ ಮಾತು ಗುಪ್ತವಾಗಿ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಜಾಹೀರಾತು ಮುಗಿಯುತ್ತಲೇ ಅತ್ತೆ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡರು.

"ಹಿಂದ ಒಂದ ಗಂಡಹುಡುಗ ಕುಂತ್ರ ನೋಡವಾ, ಗಾಡಿ ತುಂಬಿದಂಗ ಕಾಣತೈತಿ," ಎಂದರು. "ದೊಡ್ಡಾವನ ಗಾಡಿ ಹಂಗ ಖಾಲಿ ಉಳೀಬಾರದು. ಇನ್ನೊಂದ ಸಲ ನೋಡೂಣು."

ನಾವು ಏಳೆಂಟು ಜನ ಉಸಿರು ಬಿಗಿಹಿಡಿದು ಕೂತು ಹೋಗುತ್ತಿದ್ದ ಗಾಡಿ ಅದು. ಅವರಿಗೆ ಅದು ಖಾಲಿ. ಇನ್ನೊಂದು ಸಲ ಎಂದರೆ ಏನೆಂದು ಅವರಿಗೂ ಗೊತ್ತಿತ್ತು. ಮೂರನೆಯ ಹೆರಿಗೆಯಲ್ಲಿ ನಾನು ಬದುಕಿದ್ದೇ ಹೆಚ್ಚು. ಮತ್ತೆ ಬಸಿರಾದರೆ ಜೀವಕ್ಕೆ ಹೊಣೆಯಿಲ್ಲ, ಆಪರೇಷನ್ ಮಾಡಿಸಿಕೊಳ್ಳಿ ಎಂದು ಗೋಕಾಕದ ಡಾಕ್ಟರಮ್ಮ ಗಂಡನ ಎದುರೇ ಹೇಳಿದ್ದರು. ಅದನ್ನು ನಾವು ಮುಂದಕ್ಕೆ ತಳ್ಳುತ್ತಲೇ ಬಂದಿದ್ದೆವು. ಅತ್ತೆಯ ಮಾತು ನನ್ನ ಗಂಡನ ಕಿವಿಗೆ ಬಿದ್ದಿತ್ತು. ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹೀಗೇ ವಾರಗಳು ಕಳೆದವು. ನಾನು ಬಡಿಸುವಾಗ ಅವರ ಮುಖ ನೋಡುತ್ತಿದ್ದೆ, ಅವರು ತಾಟು ನೋಡುತ್ತಿದ್ದರು.

ಮಕ್ಕಳಿಗೆ ಶಾಲೆಯ ರಜೆಯಿದ್ದ ಒಂದು ಬೆಳಿಗ್ಗೆ ಐವರೂ ಪಡಸಾಲೆಯಲ್ಲಿ ಊಟದ ಮಣೆಗಳನ್ನು ಸಾಲಾಗಿ ಹಾಕಿಕೊಂಡು ಜಾಹೀರಾತಿನ ಆಟ ಹೂಡಿದರು. ನನ್ನ ಹಿರಿಯವಳು ತಾಟನ್ನು ಸ್ಟೇರಿಂಗಿನಂತೆ ಹಿಡಿದು ಅಪ್ಪನಾದಳು. ಎರಡನೆಯವಳು ಟವೆಲ್ಲನ್ನು ಸೆರಗು ಮಾಡಿ ಅಮ್ಮನಾದಳು. ಹಿಂದಿನ ಮಣೆಗಳ ಮೇಲೆ ನೆಗೆಣ್ಣಿಯ ಮಗ, ಮಗಳು. ನಾಲ್ಕು ವರ್ಷದ ನನ್ನ ಕಿರಿಯವಳು ಅವರಿಬ್ಬರ ನಡುವೆ ತೂರಿಕೊಂಡು ಕೂತಳು.

"ನೀ ಇಳಿ," ಎಂದಳು ಹಿರಿಯವಳು. "ನೀ ಜಾಹೀರಾತಿನ್ಯಾಗ ಇಲ್ಲ."

ಹೇಳಿದವಳು ಅತ್ತೆಯಲ್ಲ, ಕೇಬಲ್ಲಿನವನಲ್ಲ, ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಕಿರಿಯವಳು ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಎದ್ದು ಹಿಂದೆ ಹೋಗಿ ನೆಗೆಣ್ಣಿಯ ಮಗನ ಬೆನ್ನಿಗೆ ಎರಡೂ ಕೈ ಹಚ್ಚಿ, "ಹಂಗಾರ ನಾ ನೂಕತೇನಿ," ಎಂದಳು.

ಅಂಗಡಿಗೆ ಹೊರಟಿದ್ದ ನನ್ನ ಗಂಡ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಅತ್ತೆ ನಕ್ಕರು. ನಾನು ಹಿಟ್ಟಿನ ಕೈ ತೊಳೆದುಕೊಂಡೆ.

"ಗಾಡಿ ತಗೀರಿ," ಎಂದೆ. "ಗೋಕಾಕಕ್ಕ ಹೋಗೂಣು. ಆಪರೇಷನ್ನ ಮಾಡಿಸ್ಕೋತೇನಿ. ನಿಮ್ಮ ಸಹಿ ಬೇಕಂತಾರ, ಅದಕ್ಕ ನೀವು ಬರಬೇಕು."

ಅತ್ತೆಯ ನಗು ನಿಂತಿತು. "ಮನ್ಯಾಗ ಹಿರ್ಯಾರ ಇದ್ದಾರೋ ಸತ್ತಾರೋ?" ಎಂದರು. ನನ್ನ ಗಂಡ ತಾಯಿಯನ್ನು ನೋಡಿದರು, ಇನ್ನೂ ನೂಕುತ್ತಿದ್ದ ಮಗಳನ್ನು ನೋಡಿದರು. ಗೋಡೆಯ ಮೊಳೆಯಿಂದ ಚಾವಿ ತೆಗೆದುಕೊಂಡು ಹೊರಗೆ ನಡೆದರು. ನೆಗೆಣ್ಣಿ ಒಳಗಿನಿಂದ ಓಡಿಬಂದು, "ಅಕ್ಕಾ, ಹುಡುಗರ್ನ ನಾ ನೋಡ್ಕೋತೇನಿ, ನೀ ಹೋಗು," ಎಂದು ನನ್ನ ಕೈಗೆ ಒಂದು ಶಾಲು ತುರುಕಿದಳು. ಆ ಹೊತ್ತಿನಲ್ಲೂ ಅವಳೇ ಒಳ್ಳೆಯವಳಾದಳಲ್ಲ ಎಂದು ನನಗೆ ಸಂಕಟವಾಯಿತು.

ಮೊದಲ ಸಲ ಮುಂದಿನ ಸೀಟಿನಲ್ಲಿ ನಾನು ಕೂತಿದ್ದೆ. ಮಸಗುಪ್ಪಿ ಹಿಂದೆ ಬಿದ್ದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡವಾಗಿ ಗಾಡಿ ನಿಧಾನವಾಯಿತು. ಆಗ ಅವರು ರಸ್ತೆಯನ್ನೇ ನೋಡುತ್ತ ಮಾತು ತೆಗೆದರು.

"ಆವತ್ತ ಗಾಡಿ ನೂಕುವಾಗ ಹಿಂದಿನ ಗ್ಲಾಸಿನ್ಯಾಗ ತಮ್ಮನ ಮಗನ ತಲಿ ಕಾಣಾಕತ್ತಿತ್ತು. ಅಂವಾ ನಗಾಕತ್ತಿದ್ದ. ನನಗೂ ಒಂದ ಇರಬೇಕಾಗಿತ್ತು ಅನಿಸಿತು. ತಮ್ಮನ ಮ್ಯಾಲ ಭಾಳ ಉರದ್ನಿ."

ಇಷ್ಟು ದಿನ ಉರಿಯೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆ. ನಾನು ರಸ್ತೆ ಬದಿಯಲ್ಲಿ ಚಪ್ಪಲಿ ಕಾಯುತ್ತ ಮುಂದಿನ ಸೀಟು ನೋಡಿ ಕುದಿಯುತ್ತಿದ್ದಾಗ ಅವರು ಹಿಂದಿನ ಸೀಟು ನೋಡಿ ಕುದಿಯುತ್ತಿದ್ದರು.

"ಈಗ?" ಎಂದೆ.

ಸುಳ್ಳು ಹೇಳಬಹುದಾಗಿತ್ತು. ಅವರಿಗೆ ಸುಳ್ಳು ಬರುತ್ತಿರಲಿಲ್ಲ.

"ಈಗೂ ಅನಸ್ತೈತಿ," ಎಂದರು.

"ಹಂಗಾರ ಗಾಡಿ ತಿರಗಸ್ರಿ."

ಅವರು ಗೇರು ಬದಲಿಸಿ ಟ್ರ್ಯಾಕ್ಟರನ್ನು ದಾಟಿದರು. "ನೀ ಇರಬೇಕು," ಎಂದರು, ಅಷ್ಟೇ. ಗಾಡಿ ತಿರುಗಿಸಲಿಲ್ಲ. ಆಮೇಲೆ ಗೋಕಾಕ ಮುಟ್ಟುವವರೆಗೂ ಆಗಾಗ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ. ಎಂದೂ ಹುಟ್ಟದ ಆ ಹುಡುಗನ ಮೇಲೆ ನಾನು ಪಟ್ಟಷ್ಟು ಹೊಟ್ಟೆಕಿಚ್ಚನ್ನು ನೆಗೆಣ್ಣಿಯ ಮೇಲೂ ಪಟ್ಟಿರಲಿಲ್ಲ.