ಸೋಯಾ ಹೊಲದಲ್ಲಿ ಬೂಟು

ರಾಯಬಾಗ ತಾಲ್ಲೂಕಿನ ನಮ್ಮ ಊರ ಸುತ್ತಮುತ್ತ ಬೆಳೆ ಕೊಯ್ಯುವ ಬ್ರಶ್ ಕಟರ್ ಮಷಿನ್ ಹೆಗಲಿಗೆ ಹಾಕಿಕೊಂಡು ಹೊಲಕ್ಕಿಳಿದ ಮೊದಲ ಹೆಂಗಸು ನಾನೇ. ಅಲ್ಲ ಎನ್ನುವವರಿದ್ದರೆ ಎದುರಿಗೆ ಬಂದು ಹೇಳಲಿ, ಚಹಾ ಕುಡಿಸಿ ಕಳಿಸುತ್ತೇನೆ. ಇದನ್ನು ಹೇಳಿಕೊಳ್ಳುವಾಗ ಸಂಕೋಚಪಡುವ ಜಾಯಮಾನ ನನ್ನದಲ್ಲ.

ಎರಡು ಸಾವಿರದ ಹತ್ತರ ಈಚಿನ ಮಾತು. ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಹೊಲ ನನ್ನ ಮತ್ತು ಮಾವನವರ ಪಾಲಿಗೆ. ಸೋಯಾಬಿನ್ ಬೆಳೆಯುವ ಊರಲ್ಲಿ ಎಲ್ಲರ ಪೀಕೂ ಒಟ್ಟಿಗೇ ಒಣಗುತ್ತದೆ, ಎಲ್ಲರಿಗೂ ಅದೇ ನಾಲ್ಕು ಮಂದಿ ಹೆಣ್ಣಾಳು ಬೇಕು. ಆ ಹೆಂಗಸರ ಮನೆಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದಿದ್ದವು. ಮಷಿನ್ ತರೋಣ ಎಂದು ಹಟ ಹಿಡಿದವಳು ನಾನು.

ಚಿಕ್ಕೋಡಿಯ ಅಂಗಡಿಯಲ್ಲಿ ಮೇಸ್ತ್ರಿ ಎಲ್ಲವನ್ನೂ ಯಜಮಾನರ ಮುಖ ನೋಡಿ ಹೇಳತೊಡಗಿದ. ಒಂದಷ್ಟು ಹೊತ್ತು ತಡೆದುಕೊಂಡೆ.

"ನಡಸೋರು ಅವರಲ್ರಿ, ನಾ. ನನಗ ಹೇಳ್ರಿ" ಎಂದೆ.

ಅವನು ಒಮ್ಮೆ ಕಣ್ಣರಳಿಸಿ ನಕ್ಕ. "ಹಂಗಾರ ಬರ್ರಿ ವೈನಿ, ಹೆಗಲ ಪಟ್ಟಾ ನೀವ ಹಾಕ್ಕೋರಿ."

ಅಂಗಡಿಯ ಹಿಂದಿನ ಬಯಲಲ್ಲಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಪಾಠ ನಡೆಯಿತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ. ಮಷಿನ್ ನೆಲಕ್ಕಿಟ್ಟು, ಬ್ಲೇಡಿಗೆ ಏನೂ ತಾಗದಂತೆ ನೋಡಿಕೊಂಡೇ ಚಾಲೂ ಮಾಡುವ ಹಗ್ಗ ಎಳೆಯುವುದು. ಬ್ಲೇಡಿನ ಮೇಲಿನ ಗಾರ್ಡು ಬಿಚ್ಚಬಾರದು. ಬಲದಿಂದ ಎಡಕ್ಕೆ ಬೀಸಬೇಕು. ಹತ್ತಿರ ಯಾರೂ ಸುಳಿಯಬಾರದು. ಹುಲ್ಲು ಸುತ್ತಿಕೊಂಡರೆ ಮೊದಲು ಬಂದ್ ಮಾಡಬೇಕು, ಬ್ಲೇಡು ಪೂರ್ತಿ ನಿಂತ ಮೇಲೆ ಕೈ. ಕೊನೆಗೆ ಅವನು ಹೇಳಿದ್ದು: "ಬೂಟು, ಚಸ್ಮಾ ಇಲ್ದ ಚಾಲೂ ಮಾಡೂದಿಲ್ಲ ಅಂತ ಆಣಿ ಮಾಡ್ರಿ ವೈನಿ. ಕಾಲು ಹೋದ್ರ ನನ್ನ ಅಂಗಡ್ಯಾಗ ಸಿಗೂದಿಲ್ಲ." ಆಣೆ ಮಾಡಿದೆ. ಮೂತಿಯಲ್ಲಿ ಉಕ್ಕಿನ ತಗಡಿರುವ ಬೂಟು ಹೆಂಗಸರ ಅಳತೆಯಲ್ಲಿ ಇರಲಿಲ್ಲ. ಗಂಡಸರದ್ದರಲ್ಲೇ ಸಣ್ಣದನ್ನು ಹುಡುಕಿ ಕೊಂಡೆ.

ಕೊಯ್ಲಿನ ದಿನ ಯಜಮಾನರ ಹಳೆಯ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿಕೊಂಡೆ. ಸೆರಗು ಮಷಿನ್ನಿಗೆ ಸಿಕ್ಕರೆ ಮುಗಿಯಿತಲ್ಲ. ಸೊಸೆ ಪ್ಯಾಂಟು ಹಾಕಿದ್ದಕ್ಕೆ ಮಾವನವರು ಏನನ್ನುತ್ತಾರೋ ಎಂದುಕೊಂಡಿದ್ದೆ. ಅವರು ಪ್ಯಾಂಟಿನ ಕಡೆ ನೋಡಲೇ ಇಲ್ಲ. ನೋಡಿದ್ದು ನನ್ನ ಕಾಲನ್ನು.

ನಮ್ಮಲ್ಲಿ ಪೀಕು ನಿಂತ ಹೊಲಕ್ಕೆ ಕೆರ ಮೆಟ್ಟಿ ಇಳಿಯುವುದಿಲ್ಲ. ಎಲ್ಲರ ಚಪ್ಪಲಿಗಳೂ ಬದುವಿನ ಬೇವಿನ ಮರದ ಬುಡದಲ್ಲೇ ಉಳಿಯುತ್ತವೆ. ಮುಳ್ಳು ಚುಚ್ಚಿದರೂ ಸರಿ, ಬರಿಗಾಲು. ನಾನೂ ಮದುವೆಯಾಗಿ ಬಂದಂದಿನಿಂದ ಹಾಗೇ ನಡೆದವಳು.

"ಭೂಮಿತಾಯಿ ತುಂಬಿ ನಿಂತಾಳ. ಆಕಿ ಮ್ಯಾಲ ಬೂಟಗಾಲಿಲೆ ತುಳಕೋಂತ ಹೊಕ್ಕೀ ಏನ ಯವ್ವಾ? ಕಳದಿಡು" ಎಂದರು.

"ಬೂಟ್ ಕಳದ್ರ ಮಷಿನ್ನೂ ಇಡ್ತೀನ್ರಿ ಮಾವಾರ. ಬ್ಲೇಡು ಕಾಲಿನ ಮುಂದ ತಿರಗತೈತಿ."

"ಹಂಗಾರ ಇಡು."

ಇಟ್ಟೆ. ಅವರು ಬದುವಿನ ಮೇಲೆ ಕೂತರು. ನಾನೂ ಬೂಟು ಬಿಚ್ಚದೆ ಒಂದು ಮಾರು ದೂರದಲ್ಲಿ ಕೂತೆ. ಹಟದಲ್ಲಿ ನಾನು ಅವರ ಮಗಳಿಗಿಂತ ಹೆಚ್ಚು ಅವರ ಮಗಳು.

ಸೋಯಾ ಕೊಯ್ಯಬೇಕಾದ್ದು ಇಬ್ಬನಿ ಇರುವಾಗ. ಬಿಸಿಲು ಏರಿತೋ, ಒಣಗಿದ ಕಾಯಿ ತಾನೇ ಬಾಯಿಬಿಟ್ಟು ಕಾಳು ಸಿಡಿಸುತ್ತದೆ. ನಾವಿಬ್ಬರೂ ಹಾಗೇ ಕೂತಿದ್ದಂತೆಯೇ ಹೊಲದಿಂದ ಚಟ್ ಎಂದು ಒಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಆಮೇಲೆ ಅಲ್ಲಲ್ಲಿ, ಚಟ್, ಚಟ್. ಬೆಳೆಸಿದವರ ಕಿವಿಗೆ ಆ ಸದ್ದು ಎಷ್ಟು ಸಂಕಟವೆಂದು ಬೇರೆಯವರಿಗೆ ತಿಳಿಯದು. ವರ್ಷದ ಪೀಕು ಮಣ್ಣಿಗೆ ಬೀಳುತ್ತಿದೆ, ಬೂಟು ಬಿಚ್ಚಿಬಿಡಲೇ ಎಂದು ಕೈ ಲೇಸಿನವರೆಗೂ ಹೋಯಿತು. ಆದರೆ ಕಾಲಿಲ್ಲದೆ ಮುಂದಿನ ವರ್ಷ ಬಿತ್ತುವುದು ಹೇಗೆ?

ಕೊನೆಗೆ ಎದ್ದವರು ಮಾವನವರು. "ನನ್ನ ಕೇಳಬ್ಯಾಡ. ಆಕಿನ್ನ ಕೇಳಿ ಹೋಗು" ಎಂದು ಬೆನ್ನು ತಿರುಗಿಸಿದರು.

ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ. "ತಾಯಿ, ಸೊಕ್ಕಿಗೆ ಹಾಕ್ಕೊಂಡಿಲ್ಲ, ಕಾಲು ಉಳೀಲಿ ಅಂತ ಹಾಕ್ಕೊಂಡೀನಿ" ಎಂದು ಅವರಿಗೂ ಕೇಳುವಂತೆ ಹೇಳಿ ಒಳಗಿಳಿದೆ.

ಒಂದು ಸಾಲು ಮುಗಿಯುವಷ್ಟರಲ್ಲಿ ಕೈಗೆ ಲಯ ಸಿಕ್ಕಿತು. ಗಿಡಗಳು ಎಡಕ್ಕೆ ಸಾಲಾಗಿ ಮಲಗುತ್ತಿದ್ದವು. ಎಂಥ ಖುಷಿ ಅದು! ಮೂರನೆಯ ಸಾಲಿನ ನಡುವೆ ಮಣ್ಣಲ್ಲಿ ಹುದುಗಿದ್ದ ಕಲ್ಲಿಗೆ ಬ್ಲೇಡು ಬಡಿಯಿತು. ಮಷಿನ್ ಜಗ್ಗಿ ಹಿಂದಕ್ಕೆ ಒದೆಯಿತು, ಕಲ್ಲಿನ ಚೂರೊಂದು ಬಂದು ಬಲಗಾಲಿಗೆ ಅಪ್ಪಳಿಸಿತು. ಬಂದ್ ಮಾಡಿದೆ. ತಲೆ ಎತ್ತಿದರೆ ಮಾವನವರು ಬರಿಗಾಲಲ್ಲಿ ಓಡಿ ಬರುತ್ತಿದ್ದಾರೆ.

"ಅಲ್ಲೇ ನಿಲ್ರಿ! ಇನ್ನೂ ತಿರಗಾಕತ್ತೈತಿ!"

ತಮ್ಮದೇ ಹೊಲದಲ್ಲಿ, ಸೊಸೆಯ ಒಂದು ಮಾತಿಗೆ, ಅವರು ನಿಂತುಬಿಟ್ಟರು. ಬ್ಲೇಡು ನಿಂತ ಮೇಲೆ "ಈಗ ಬರ್ರಿ" ಎಂದೆ. ಬಂದವರೇ ನೆಲಕ್ಕೆ ಕೂತು ನನ್ನ ಬೂಟು ಕಳಚಿದರು. ಐದೂ ಬೆರಳು ಮುಟ್ಟಿ ನೋಡಿದರು. ಬೂಟಿನ ಮೂತಿಯಲ್ಲಿ ತೊಗಲು ಹರಿದು ಒಳಗಿನ ಉಕ್ಕು ಕಾಣುತ್ತಿತ್ತು. ಆ ಹರಿದ ಜಾಗದ ಮೇಲೆ ಬೆರಳಾಡಿಸಿದರು. ಬೂಟನ್ನು ನನ್ನ ಮುಂದಿಟ್ಟು, ಎದ್ದು ಹೋಗಿ ಬೇವಿನ ಮರದ ಕೆಳಗೆ ದೂರವೇ ನಿಂತರು. ಬ್ಲೇಡನ್ನು ತಿರುಗಿಸಿ ನೋಡಿದೆ, ಬಿರುಕು ಬಿಟ್ಟಿತ್ತು. ಜೊತೆಗೆ ತಂದಿದ್ದ ಹೊಸದು ಹಾಕಿಕೊಂಡು, ಅಂದು ಆದಷ್ಟು, ಉಳಿದದ್ದನ್ನು ಮರುದಿನ ಇಬ್ಬನಿ ಇರುವಾಗ ಕೊಯ್ದು ಮುಗಿಸಿದೆ.

ದಸರೆಯ ಖಂಡೇಪೂಜೆ ಬಂತು. ನಮ್ಮಲ್ಲಿ ಅಂದು ಕುಡುಗೋಲು, ಕುರುಪಿ, ನೇಗಿಲಗುಳ ಹೀಗೆ ಹತ್ಯಾರಗಳನ್ನೆಲ್ಲ ತೊಳೆದು ಪಡಸಾಲೆಯಲ್ಲಿಟ್ಟು ಪೂಜಿಸುತ್ತಾರೆ. ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಪಕ್ಕದ ಹೊಲದ ಮುದುಕ ಬಂದವನು ಹೊಸ್ತಿಲಲ್ಲೇ ನಿಂತು ನಗೆಯಾಡಿದ್ದು ಕೇಳಿಸಿತು.

"ಏನೋ, ಈ ವರ್ಷ ಕೆರಾನೂ ಪೂಜಿ ಮಾಡಾಕತ್ತಿ?"

ಬಗ್ಗಿ ನೋಡಿದೆ. ಮಷಿನ್ನಿನ ಪಕ್ಕದಲ್ಲಿ ನನ್ನ ಬೂಟುಗಳು. ಮಣ್ಣಿನ ಕಲೆಯಿಲ್ಲದಂತೆ ತೊಳೆದವು, ಹರಿದ ಮೂತಿಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಚೆಂಡುಹೂವು.

ಮಾವನವರು ತಲೆ ಎತ್ತದೆ ಊದುಬತ್ತಿ ಹಚ್ಚುತ್ತ ಹೇಳಿದರು: "ಕೆರ ಹೊರಗ ಬಿಟ್ಟೀನಿ ನೋಡು. ಇವು ನಮ್ಮ ಸೊಸಿ ಹತ್ಯಾರ."

ತವೆಯ ಮೇಲಿನ ಹೋಳಿಗೆ ಸುಟ್ಟು ಕರಕಾಯಿತು. ಆಗಲಿ ಬಿಡಿ.